ಕಡಲು ಕಾಸಿದ್ದವರ ಮಕ್ಕಳಿಗೆ ಮಾತ್ರವೇ?

ದೀಪಾವಳಿ ಕಳೆದು ಚಳಿ ಬಿತ್ತೆಂದರೆ ನಮ್ಮ ದಾವಣಗೆರೆಯ ಶಾಲೆಗಳಲ್ಲಿ ಪ್ರವಾಸದ ಕಾಲ ಬಂತೆಂದು ಅರ್ಥ. ಮಕ್ಕಳ ಕೈಗೆ ಒಂದೊಂದು ಚೀಟಿ ಬರುತ್ತದೆ. ಇಂಥ ತಾರೀಖಿನೊಳಗೆ ಇಷ್ಟು ಹಣ ಕಟ್ಟಬೇಕು. ಪಾಲಕರ ಸಹಿ ಬೇಕು. ಇಷ್ಟವಿದ್ದವರು ಮಾತ್ರ ಬರಬಹುದು. ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ಹನ್ನೆರಡು ವರ್ಷದ ಹುಡುಗನಿಗೆ ಕಡಲು ನೋಡಲು ಇಷ್ಟವಿಲ್ಲವೆಂದರೆ ನಂಬುವವರು ಯಾರು? ಮನೆಯಲ್ಲಿ ಇಲ್ಲದಿರುವುದು ದುಡ್ಡು. ಆದರೆ ದುಡ್ಡಿಲ್ಲವೆಂದು ಬರೆದರೆ ನಾಚಿಕೆ ಶಾಲೆಗೆ ಬರುತ್ತದೆ. ಇಷ್ಟವಿಲ್ಲವೆಂದು ಬರೆದರೆ ನಾಚಿಕೆ ಮಗುವಿನ ತಲೆಗೇ ಕಟ್ಟಿದಂತಾಗುತ್ತದೆ.

ಆ ಚೀಟಿ ಮನೆಗೆ ಬಂದ ರಾತ್ರಿ ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಯಲ್ಲಿ ಪಾಳಿ ಮಾಡುವವರು, ಮಂಡಕ್ಕಿ ಭಟ್ಟಿಯ ಮುಂದೆ ಬೇಯುವವರು, ತಳ್ಳುಗಾಡಿಯ ಮೇಲೆ ಬಾಳೆಹಣ್ಣು ಮಾರುವವರು, ಮೂಟೆ ಹೊರುವ ಹಮಾಲರು, ಸಂಜೆಯ ವ್ಯಾಪಾರದಿಂದ ನಾಳೆಯ ಮಾಲು ಕೊಳ್ಳುವ ಕಿರಾಣಿಯವರು ಎಲ್ಲರೂ ಆ ರಾತ್ರಿ ಒಂದೇ ಲೆಕ್ಕ ಹಾಕುತ್ತಾರೆ. ಇಬ್ಬರು ಮಕ್ಕಳಿದ್ದರೆ ಒಬ್ಬರನ್ನು ಕಳಿಸುತ್ತಾರೆ. ಉಳಿಯುವವಳು ಬಹುಮಟ್ಟಿಗೆ ಹೆಣ್ಣುಮಗಳು. ಬಸ್ಸು ಹೊರಟ ಮೇಲೆ ಉಳಿದ ಮಕ್ಕಳಿಗೆ ಪಾಠವೂ ಇಲ್ಲ, ಏಕೆಂದರೆ ಮೇಷ್ಟರೂ ಬಸ್ಸಿನಲ್ಲಿದ್ದಾರೆ. ಒಂದೇ ಬೆಂಚಿನಲ್ಲಿ ಕೂತಿದ್ದ ಮಕ್ಕಳು ಆ ದಿನ ಎರಡು ಜಾತಿಯಾಗುತ್ತಾರೆ: ಹೋದವರು, ಹೋಗದವರು.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವವರಿದ್ದಾರೆ. ಅವರಿಗೆ ನಾವು ಕಾನೂನನ್ನು ನೆನಪಿಸುತ್ತೇವೆ. ಶಿಕ್ಷಣದ ಹಕ್ಕಿನ ಕಾಯಿದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಗುವಿನ ಓದಿಗೆ ಅಡ್ಡಿಯಾಗುವ ಯಾವ ಶುಲ್ಕವನ್ನೂ, ಯಾವ ಖರ್ಚನ್ನೂ ಆ ಮಗುವಿನಿಂದ ಕೇಳಕೂಡದೆಂದು ಅದರ 3ನೆಯ ಕಲಮು ಹೇಳುತ್ತದೆ. ಹಾಗಾದರೆ ಸರಕಾರಿ ಶಾಲೆಯ ಪ್ರವಾಸದ ಚೀಟಿಗೆ ಅರ್ಥವೇನು? ಪ್ರವಾಸವು ಶಿಕ್ಷಣವಾಗಿದ್ದರೆ ಅದಕ್ಕೆ ಹಣ ಕೇಳಬಾರದು. ಶಿಕ್ಷಣವಲ್ಲವಾದರೆ ಶಾಲೆಯ ಹೆಸರಿನಲ್ಲಿ ಅದನ್ನು ನಡೆಸಬಾರದು. ಎರಡರಲ್ಲಿ ಒಂದನ್ನು ವಿದ್ಯಾ ಇಲಾಖೆಯವರು ಆರಿಸಿಕೊಳ್ಳಲಿ. ಹಣ ಕೇಳುವಾಗ ‘ಶೈಕ್ಷಣಿಕ ಪ್ರವಾಸ’ ಎಂದು ಬರೆದು, ಹೊಣೆ ಹೊರುವಾಗ ‘ಐಚ್ಛಿಕ’ ಎಂದು ಜಾರಿಕೊಳ್ಳುವ ಆಟವನ್ನು ಇನ್ನು ನಿಲ್ಲಿಸಲಿ.

ಇನ್ನು, ಹೋದ ಮಕ್ಕಳು ಕಲಿತು ಬಂದದ್ದಾದರೂ ಏನು? ಎರಡು ಹಗಲು ಮೂರು ರಾತ್ರಿಯಲ್ಲಿ ಆರು ದೇವಸ್ಥಾನ, ಒಂದು ಜಲಪಾತ, ಒಂದು ಅಣೆಕಟ್ಟು, ಸಂಜೆಗೆ ಕಡಲು. ಬಸ್ಸಿನಲ್ಲಿ ಸಿನಿಮಾ ಹಾಡು. ಇಳಿ, ಹತ್ತು, ತಲೆ ಎಣಿಸು, ಮತ್ತೆ ಇಳಿ. ನಿದ್ದೆಗೆಟ್ಟ ಮಕ್ಕಳನ್ನು ನಿದ್ದೆಗೆಟ್ಟ ಮೇಷ್ಟರು ಕಾಯಬೇಕು. ಕಡಲ ದಂಡೆಗೆ ಬರುವ ಹೊತ್ತಿಗೆ ಉಬ್ಬರವೋ ಇಳಿತವೋ ಕೇಳಿದವರಿಲ್ಲ. ಬಸ್ಸಿನವನಿಗೆ ಅನುಕೂಲವಾದ ಹೊತ್ತೇ ಕಡಲಿನ ಹೊತ್ತು. ಇದಕ್ಕೆ ವಿಜ್ಞಾನದ ಹೆಸರು ಕೊಟ್ಟರೆ ವಿಜ್ಞಾನಕ್ಕೆ ಅವಮಾನ.

ಇದರಿಂದಾಗುವ ಅನಾಹುತ ಎಂಥದೆಂಬುದನ್ನು ನಾಡು ಕಂಡಿದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಸರಕಾರಿ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ಸತ್ತರು. ಸಮುದ್ರದಿಂದ ದೂರದ ಬಯಲುಸೀಮೆಯ ಮಕ್ಕಳು ಅವರು. ಪ್ರಾಂಶುಪಾಲರು ಅಮಾನತಾದರು, ಶಿಕ್ಷಕರ ಮೇಲೆ ಮೊಕದ್ದಮೆಯಾಯಿತು, ಪರಿಹಾರದ ಘೋಷಣೆಯಾಯಿತು, ಕಡಲ ದಂಡೆಯನ್ನು ಸ್ವಲ್ಪ ಕಾಲ ಮುಚ್ಚಲಾಯಿತು. ಮಕ್ಕಳ ಹೊಣೆ ಹೊತ್ತವರು ಎಚ್ಚರ ತಪ್ಪಿದರೆ ಅವರನ್ನು ಕೇಳಲೇಬೇಕು. ನಾವು ಅದಕ್ಕೆ ಅಡ್ಡ ಬರುವುದಿಲ್ಲ. ಆದರೆ ಕಡಲನ್ನು ಕಾಣದ ಮೇಷ್ಟರ ಕೈಯಲ್ಲಿ ಕಡಲನ್ನು ಕಾಣದ ಮಕ್ಕಳನ್ನು ಕೊಟ್ಟು, ಒಂದು ದಿನದ ತರಬೇತಿಯನ್ನೂ ಕೊಡದೆ, ಹಗ್ಗವನ್ನೂ ಕೊಡದೆ, ಈಜು ಬಲ್ಲ ಒಬ್ಬ ಆಳನ್ನೂ ಜೊತೆಗೆ ಕಳಿಸದೆ ಪ್ರವಾಸಗಳಿಗೆ ಮಂಜೂರಾತಿ ಕೊಡುವ ಪದ್ಧತಿಯನ್ನು ಅಮಾನತು ಮಾಡುವವರು ಯಾರು? ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವುದು ನಮ್ಮ ಆಡಳಿತದ ಹಳೆಯ ಚಾಳಿ.

ಅಂದಿನಿಂದ ಇನ್ನೊಂದು ಕೂಗು ಕೇಳುತ್ತಿದೆ. ಮಕ್ಕಳನ್ನು ಕಡಲಿಗೆ ಕಳಿಸುವುದೇ ಬೇಡ, ಪುಸ್ತಕದಲ್ಲಿ ಚಿತ್ರವಿದೆ, ಫೋನಿನಲ್ಲಿ ಸಿನಿಮಾ ಇದೆ, ಅಷ್ಟು ಸಾಕು ಎನ್ನುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮಾತಿದು. ಹಾಗೆ ನಿಷೇಧ ಹಾಕಿದರೆ ನಿಲ್ಲುವುದು ಯಾರ ಮಕ್ಕಳು? ಉಳ್ಳವರ ಮಕ್ಕಳು ಅಪ್ಪನ ಕಾರಿನಲ್ಲಿ ಹೋಗಿ ಬರುತ್ತಾರೆ. ಶಾಲೆಯ ಬಸ್ಸಿನ ಹೊರತು ಬೇರೆ ದಾರಿಯಿಲ್ಲದ ಮಕ್ಕಳಿಗೆ ಮಾತ್ರ ಕಡಲು ಪುಸ್ತಕದ ಬದನೆಕಾಯಿಯಾಗಿ ಉಳಿಯುತ್ತದೆ. ಆ ಹೆಣ್ಣುಮಕ್ಕಳ ಸಾವು ನಮಗೆ ಕಲಿಸಬೇಕಾದ ಪಾಠ ಬೇರೆಯೇ ಇದೆ. ಮಕ್ಕಳನ್ನು ನೋಟಕರಾಗಿ ಕಳಿಸಬೇಡಿ, ವಿದ್ಯಾರ್ಥಿಗಳಾಗಿ ಕಳಿಸಿ. ಕಡಲನ್ನು ಬಲ್ಲವರ ಕೈಹಿಡಿಸಿ ಕಳಿಸಿ.

ಹಾಗೆ ಕಳಿಸುವುದೆಂದರೆ ಏನೆಂದು ಕೇಳುವವರಿಗೆ ನಮಗೆ ತಿಳಿದಷ್ಟು ಹೇಳುತ್ತೇವೆ.

ಕಡಲಿಗೆ ಗಡಿಯಾರವಿದೆ. ನಮ್ಮ ಕರಾವಳಿಯಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ಹನ್ನೆರಡೂಕಾಲು ಗಂಟೆಗಿಂತ ತುಸು ಹೆಚ್ಚು. ಆದ್ದರಿಂದ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಕೆಯೂ ಹೆಚ್ಚು, ಇಳಿಕೆಯೂ ಹೆಚ್ಚು. ಇದರ ವೇಳಾಪಟ್ಟಿಯನ್ನು ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿ ವರ್ಷ ಮೊದಲೇ ಪ್ರಕಟಿಸುತ್ತದೆ. ಅಲೆ ಎಷ್ಟು ಎತ್ತರ ಏಳಬಹುದೆಂಬ ಮುನ್ಸೂಚನೆಯನ್ನು ಹೈದರಾಬಾದಿನಲ್ಲಿರುವ ಕೇಂದ್ರ ಸರಕಾರದ ಸಂಸ್ಥೆಯೊಂದು ಮೀನುಗಾರರಿಗೆ ದಿನವೂ ಕೊಡುತ್ತದೆ. ರೈಲಿನ ವೇಳಾಪಟ್ಟಿ ನೋಡದೆ ಸ್ಟೇಷನ್ನಿಗೆ ಹೋಗದ ನಾವು ಕಡಲಿನ ವೇಳಾಪಟ್ಟಿ ನೋಡದೆ ನೂರು ಮಕ್ಕಳನ್ನು ಕಡಲಿಗೆ ಇಳಿಸುತ್ತೇವೆ!

ದಡಕ್ಕೆ ಬಂದ ಅಲೆಯ ನೀರು ಹಿಂದಿರುಗಲೇಬೇಕು. ಕೆಲವೆಡೆ ಅದು ಇಕ್ಕಟ್ಟಾದ ಕಾಲುವೆಯಂತೆ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ. ಅಕ್ಕಪಕ್ಕಕ್ಕಿಂತ ನೀರು ಶಾಂತವಾಗಿ ಕಾಣುತ್ತದೆ. ಹೊಸಬರು ನಂಬಿ ಇಳಿಯುವುದೂ ಅಲ್ಲಿಯೇ. ಸೆಳವಿಗೆ ಸಿಕ್ಕಿದವರು ನೆಟ್ಟಗೆ ದಡದತ್ತ ಈಜಿ ಸೋಲುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದರೆ ಸೆಳವಿನ ಹೊರಗೆ ಬೀಳಬಹುದು. ಈ ನಾಲ್ಕು ಮಾತನ್ನು ಹೇಳಲು ಐದು ನಿಮಿಷ ಸಾಕು. ಬಸ್ಸು ಹತ್ತುವ ಮೊದಲು ಎಷ್ಟು ಶಾಲೆಗಳಲ್ಲಿ ಇದನ್ನು ಹೇಳುತ್ತಾರೆಂದು ನಮ್ಮ ಓದುಗರು ತಮ್ಮ ಮಕ್ಕಳನ್ನೇ ಕೇಳಿ ನೋಡಲಿ.

ನಿಜವಾದ ಕಲಿಕೆಗೆ ಈಜಬೇಕಾದ್ದೇ ಇಲ್ಲ. ನೀರು ಇಳಿದಾಗ ಬಯಲಾಗುವ ಬಂಡೆಯ ಮೇಲೆ, ಪಾಚಿಗೆ ಜಾರದಂತೆ ಎಚ್ಚರದಿಂದ ನಿಂತರೆ ಸಾಕು. ಬಂಡೆಯೇ ಒಂದು ಪುಸ್ತಕ. ಮೇಲೆ ಪುಟ್ಟ ಶಂಖದ ಹುಳುಗಳು, ಅದರ ಕೆಳಗೆ ಸುಣ್ಣ ಮೆತ್ತಿದಂತೆ ಕಾಣುವ ಬಾರ್ನಕಲ್, ಇನ್ನೂ ಕೆಳಗೆ ಕಲ್ಲಿಗಂಟಿದ ಚಿಪ್ಪುಜೀವಿಗಳು, ಕಡಲಪಾಚಿ. ಯಾವ ಜೀವ ಎಷ್ಟು ಹೊತ್ತು ಬಿಸಿಲು ತಡೆಯಬಲ್ಲದೋ ಅದಕ್ಕೆ ತಕ್ಕ ಅಂತಸ್ತು. ಬಾರ್ನಕಲ್ಲನ್ನು ನೋಡಿದರೆ ಕಲ್ಲಿನ ಚೂರೆನ್ನಬೇಕು. ಆದರೆ ಅದು ಏಡಿ, ಸೀಗಡಿಗಳ ಬಳಗ. ನೀರು ಮೇಲೇರಿದಾಗ ಬಾಗಿಲು ತೆರೆದು, ಗರಿಯಂಥ ಕಾಲುಗಳನ್ನು ಹೊರಗೆ ಚಾಚಿ, ನೀರಿನಲ್ಲಿ ತೇಲುವ ಸಣ್ಣ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಸನ್ಯಾಸಿ ಏಡಿಗೆ ಸ್ವಂತ ಮನೆಯಿಲ್ಲ. ಸತ್ತ ಶಂಖದ ಚಿಪ್ಪಿನಲ್ಲಿ ಬಾಡಿಗೆಗಿರುತ್ತದೆ. ಮೈ ಬೆಳೆದಂತೆಲ್ಲ ದೊಡ್ಡ ಮನೆ ಹುಡುಕಿ ಹೊರಡುತ್ತದೆ. ಬಾಡಿಗೆ ಮನೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದರ ಕಷ್ಟ ಬೇಗ ತಿಳಿದೀತು!

ರಾಣೆಬೆನ್ನೂರು, ಹಾವೇರಿ, ಶಿರಸಿಗಳನ್ನು ಹಾದು ಘಟ್ಟ ಇಳಿದರೆ ಕುಮಟೆ. ಒಂದು ರಾತ್ರಿಯ ದಾರಿ. ಕುಮಟೆಯ ಪಕ್ಕದಲ್ಲಿ ಅಘನಾಶಿನಿ ನದಿ ಕಡಲು ಸೇರುತ್ತದೆ. ಅಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆಯಲ್ಲಿ ಕಾಂಡ್ಲಾ ಗಿಡಗಳಿವೆ. ಅವುಗಳ ಬೇರಿನ ನೆರಳಿನಲ್ಲಿ ಮೀನು, ಸೀಗಡಿಗಳ ಮರಿಗಳು ಬೆಳೆಯುತ್ತವೆ. ಇಳಿತದ ವೇಳೆಗೆ ಹೆಂಗಸರು ಗಂಡಸರು ಕೆಸರಿಗಿಳಿದು ಬಳಚು ಹೆಕ್ಕುತ್ತಾರೆ. ಸಾವಿರಾರು ಕುಟುಂಬಗಳ ಅನ್ನ ಅದು. ಯಾವ ಕೆಸರಿನಲ್ಲಿ ಯಾವ ಚಿಪ್ಪು, ಯಾವ ತಿಥಿಗೆ ನೀರು ಎಲ್ಲಿಯ ತನಕ, ಯಾವ ಗಾಳಿಗೆ ಯಾವ ಮೀನು ಎಂಬುದೆಲ್ಲ ಅಲ್ಲಿಯ ಅಂಬಿಗರಿಗೆ, ಹರಿಕಂತ್ರರಿಗೆ ಬಾಯಿಪಾಠ. ನಮ್ಮ ಪ್ರವಾಸದ ಬಸ್ಸುಗಳು ಅವರ ಕೇರಿಯ ಪಕ್ಕದಲ್ಲೇ ಧೂಳೆಬ್ಬಿಸಿ ಹೋಗುತ್ತವೆ. ಇಷ್ಟು ದೊಡ್ಡ ವಿದ್ಯಾಲಯವನ್ನು ಬಿಟ್ಟು ಬಂದು, ಊರಿಗೆ ಮರಳಿ ‘ಕಡಲು ನೋಡಿದೆವು’ ಎನ್ನುತ್ತೇವೆ.

ಈಗ ಒಂದು ಆಕ್ಷೇಪಣೆ. ನಮ್ಮವರೇ ಎತ್ತುವ ಆಕ್ಷೇಪಣೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ? ಶಾಲೆಯ ಸೂರು ಸೋರುತ್ತಿದೆ, ಮೇಷ್ಟರ ಹುದ್ದೆ ಖಾಲಿ ಬಿದ್ದಿದೆ, ಗಿರಣಿಯವನ ಮಗನಿಗೆ ಬಾರ್ನಕಲ್ಲಿನ ಚಿಂತೆ ಯಾಕೆ?

ಈ ಮಾತಿಗೆ ನಾವು ಸಿಟ್ಟಾಗುವುದಿಲ್ಲ, ಉತ್ತರ ಕೊಡುತ್ತೇವೆ. ಸೋರುವ ಸೂರನ್ನೂ ಕೇಳೋಣ, ಮೇಷ್ಟರನ್ನೂ ಕೇಳೋಣ, ಕಡಲನ್ನೂ ಕೇಳೋಣ. ಬಡವರು ಒಂದು ಸಲಕ್ಕೆ ಒಂದನ್ನೇ ಕೇಳಬೇಕೆಂಬ ನಿಯಮ ಮಾಡಿದವರು ಉಳ್ಳವರು. ಅವರು ತಮ್ಮ ಮಕ್ಕಳಿಗೆ ಹಾಗೆ ಲೆಕ್ಕ ಹಾಕುವುದಿಲ್ಲ. ಅವರ ಮಕ್ಕಳಿಗೆ ಪ್ರಯೋಗಾಲಯವೂ ಬೇಕು, ಈಜುಕೊಳವೂ ಬೇಕು, ಸಮುದ್ರವೂ ಬೇಕು. ನಮ್ಮ ಮಕ್ಕಳಿಗೆ ಮಾತ್ರ ಅಕ್ಷರ ಬಂದರೆ ಸಾಕು, ಯಂತ್ರದ ಮುಂದೆ ನಿಲ್ಲಿಸಬಹುದು!

ಕಡಲಿಗೂ ನಮಗೂ ಸಂಬಂಧವಿಲ್ಲ ಎಂಬುದೂ ಸುಳ್ಳು. ನಮ್ಮ ಭಟ್ಟಿಗಳಲ್ಲಿ ಮಂಡಕ್ಕಿಯ ಅಕ್ಕಿಗೆ ಬೆರೆಸುವ ಉಪ್ಪು ಎಲ್ಲಿಯದು? ಸಂತೆಯಲ್ಲಿ ಮಾರುವ ಒಣಮೀನು ಎಲ್ಲಿಯದು? ಮುಂಗಾರು ಯಾವ ದಿಕ್ಕಿನಿಂದ ಬರುತ್ತದೆ? 1930ರಲ್ಲಿ ಅಂಕೋಲೆಯ ಜನ ಉಪ್ಪು ಮಾಡಿ ಬ್ರಿಟಿಷರ ಕಾನೂನನ್ನು ಮುರಿದರು. ಉಪ್ಪಿನ ಹಕ್ಕು ಕರಾವಳಿಯವರದು ಮಾತ್ರವೆಂದು ಅಂದು ಯಾರೂ ಹೇಳಲಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯಿದೆ. ಮುನ್ನೂರು ಕಿಲೋಮೀಟರಿಗೆ ಮಿಕ್ಕ ಕಡಲದಂಡೆ ಇರುವ ನಾಡಿನಲ್ಲಿ ಹುಟ್ಟಿಯೂ ಕಡಲಿನ ತಿಳಿವಳಿಕೆಗೆ ನಮ್ಮ ಮಕ್ಕಳು ಬಡವರಾಗಿದ್ದಾರೆ.

ತಿಳಿವಳಿಕೆಯಿಲ್ಲದವನ ಪಾಲಿಗೆ ಬೇರೆಯವರು ತೀರ್ಮಾನ ಮಾಡುತ್ತಾರೆ. ಬೂತಾಯಿ ಬಡವರ ಮೀನು. ಮೀನಿನ ಹಿಟ್ಟು, ಮೀನೆಣ್ಣೆ ತೆಗೆಯುವ ಕಾರ್ಖಾನೆಗಳು ಅಂಥ ಸಣ್ಣ ಮೀನನ್ನು ರಾಶಿರಾಶಿಯಾಗಿ ಕೊಳ್ಳುತ್ತವೆ. ಬಡವರ ತಟ್ಟೆಗೆ ಬೀಳಬೇಕಾದದ್ದು ಸಾಕಣೆಯ ಸೀಗಡಿಗೆ ಮೇವಾಗುತ್ತದೆ. ಮೀನು ಮರಿ ಮಾಡುವ ಕಾಲವೆಂದು ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪ ಹಚ್ಚಿ ಮೀನು ಸೆಳೆಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಈ ನಿಯಮಗಳು ಯಾಕೆ ಬಂದವು, ಮುರಿದರೆ ನಷ್ಟ ಯಾರಿಗೆ, ಲಾಭ ಯಾರಿಗೆ ಎಂದು ಕೇಳಬಲ್ಲ ಮಗು ನಾಳೆ ಗಿರಣಿಯ ಹಾಜರಿ ಪುಸ್ತಕದ ಮುಂದೆಯೂ ಅದೇ ಪ್ರಶ್ನೆಯನ್ನು ಕೇಳೀತು. ಕೆಲವರಿಗೆ ಭಯವಿರುವುದು ಇದರದೇ ಎಂದು ನಮಗೆ ಅನುಮಾನ.

ಅಘನಾಶಿನಿಯ ಕಥೆಯನ್ನೇ ನೋಡಿ. ಅದರ ಅಳಿವೆಯ ಬಳಿ ತದಡಿಯಲ್ಲಿ ಕಲ್ಲಿದ್ದಲಿನ ಭಾರೀ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂದಿತ್ತು. ಅಲ್ಲಿಯ ಬಡಜನ ಎದ್ದು ನಿಂತರು. ಕೆಸರಿನ ಬೆಲೆ ಅವರಿಗೆ ಗೊತ್ತಿತ್ತು. ನೀರಿನ ಜೀವಗಳ ಲೆಕ್ಕವನ್ನು ವಿಜ್ಞಾನಿಗಳು ಬರೆದುಕೊಟ್ಟರು. ಸ್ಥಾವರ ಬರಲಿಲ್ಲ. ಅದೇ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಒಪ್ಪಂದದಡಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂಬ ಮನ್ನಣೆ ಸಿಕ್ಕಿತು. ದುಡಿಯುವವರ ಅನುಭವವೂ ವಿಜ್ಞಾನವೂ ಕೈಗೂಡಿಸಿದರೆ ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ಬೇಡ್ತಿ-ವರದಾ, ಅಘನಾಶಿನಿ-ವೇದಾವತಿ ಎಂದು ನದಿ ಜೋಡಿಸುವ ಯೋಜನೆಗಳ ಮಾತೆದ್ದಿದೆ. ಪಶ್ಚಿಮಕ್ಕೆ ಹರಿಯುವ ನೀರನ್ನು ನಮ್ಮ ಬಯಲುಸೀಮೆಯ ಕಡೆಗೆ ತಿರುಗಿಸುವುದು ಅವುಗಳ ಉದ್ದೇಶ. ನಮ್ಮ ರೈತನಿಗೆ ನೀರು ಬೇಕು; ಅದನ್ನು ನಾವು ಮರೆಯಲಾರೆವು. ಸಿಹಿನೀರು ಕಡಿಮೆಯಾದರೆ ಬಳಚು ಹೆಕ್ಕುವವಳ ಗತಿಯೇನು? ಅದನ್ನೂ ಮರೆಯಲಾರೆವು. ಕಡಲಿಗೆ ಹೋಗುವ ನೀರು ‘ವ್ಯರ್ಥ’ವೆಂದು ವೇದಿಕೆಯ ಮೇಲೆ ಕೂಗುವ ಮುಂದಾಳುಗಳು ಒಂದು ದಿನವಾದರೂ ಆ ಅಳಿವೆಯಲ್ಲಿ ನಿಂತಿದ್ದಾರೆಯೇ? ನಾಳೆ ಈ ಜಗಳವನ್ನು ತೀರ್ಮಾನಿಸಬೇಕಾದವರು ಇಂದು ಏಳನೆಯ ಇಯತ್ತೆಯಲ್ಲಿ ಓದುತ್ತಿರುವ ಮಕ್ಕಳು. ಎರಡೂ ಕಡೆಯ ಬಡವರ ಮುಖವನ್ನು ಅವರು ಈಗಲೇ ನೋಡಿರಲಿ.

ಹಣವೆಲ್ಲಿದೆ ಎನ್ನುತ್ತಾರೆ. ಸಾಧನಗಳೆಲ್ಲ ಆಗಲೇ ಇವೆ, ಅವೂ ನಮ್ಮ ದುಡ್ಡಿನಲ್ಲೇ ಆದವು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. 1947ರಲ್ಲಿ ಹುಟ್ಟಿದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆ ಕಾರವಾರದಲ್ಲೂ ಇದೆ, ಮಂಗಳೂರಿನಲ್ಲೂ ಇದೆ. 1969ರಲ್ಲಿ ತೆರೆದ ಮಂಗಳೂರಿನ ಮೀನುಗಾರಿಕಾ ಕಾಲೇಜು ದೇಶಕ್ಕೇ ಮೊದಲನೆಯದು. ಸಾಬೂನು ಕೊಳ್ಳುವ ಕೂಲಿಯವಳೂ, ಲೆಕ್ಕದ ಹಾಳೆ ತುಂಬಿಸಿ ಜಿಎಸ್‌ಟಿ ಕಟ್ಟುವ ಅಂಗಡಿಕಾರನೂ ಇವುಗಳ ಖರ್ಚು ಹೊತ್ತಿದ್ದಾರೆ. ಅವುಗಳ ಬಾಗಿಲಿನೊಳಗೆ ಅವರ ಮಕ್ಕಳು ಒಂದು ದಿನ ಕಾಲಿಟ್ಟರೆ ಅದು ಯಾರ ಭಿಕ್ಷೆಯೂ ಆಗದು. ಸರಕಾರದ ‘ಕರ್ನಾಟಕ ದರ್ಶನ’ವೆಂಬ ಪ್ರವಾಸದ ಯೋಜನೆಯೂ ಇದೆ. ಆದರೆ ಅದು ಆಯ್ದ ಮಕ್ಕಳಿಗೆ. ನೋಡಿಸುವುದೂ ಹೆಚ್ಚಾಗಿ ಗುಡಿ ಗೋಪುರ. ಆಯ್ದವರಿಗೆ ದಾನ, ಉಳಿದವರಿಗೆ ಚೀಟಿ ಎಂಬ ಈ ನೀತಿಯನ್ನು ನಾವು ಒಪ್ಪುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ.

ಒಂದು: ಪ್ರತಿಯೊಂದು ಸರಕಾರಿ ಮತ್ತು ಅನುದಾನಿತ ಶಾಲೆಯ ಪ್ರತಿಯೊಂದು ಮಗುವೂ ಶಾಲೆ ಬಿಡುವುದರೊಳಗೆ ಒಮ್ಮೆಯಾದರೂ ಕಡಲ ದಂಡೆಯಲ್ಲಿ ಎರಡು ದಿನ ಇದ್ದು ಓದಬೇಕು. ಅದು ಪಠ್ಯದ ಭಾಗವಾಗಬೇಕು. ಖರ್ಚು ಸರಕಾರದ್ದು, ಚೀಟಿ ಕೂಡದು.

ಎರಡು: ದಿನವನ್ನು ಗೊತ್ತುಮಾಡುವುದು ಉಬ್ಬರ ಇಳಿತದ ಪಟ್ಟಿ ನೋಡಿ. ಜೊತೆಗೆ ಹೋಗುವ ಶಿಕ್ಷಕರಿಗೆ ಮೊದಲೇ ತರಬೇತಿ, ಕಡಲ ದಂಡೆಯಲ್ಲಿ ಜೀವರಕ್ಷಕರು, ಹಗ್ಗ, ತೇಲುವ ಕವಚ. ಇವಿಲ್ಲದೆ ಮಂಜೂರಾತಿ ಕೊಟ್ಟ ಅಧಿಕಾರಿ ಶಿಕ್ಷಕನಿಗಿಂತ ಮೊದಲು ಉತ್ತರ ಹೇಳಬೇಕು.

ಮೂರು: ಕುಮಟೆಯಲ್ಲೋ ಕಾರವಾರದಲ್ಲೋ ಮಕ್ಕಳು ತಂಗಲು ಸಾರ್ವಜನಿಕ ವಸತಿ, ಒಂದು ಚಿಕ್ಕ ಪ್ರಯೋಗಾಲಯ, ಹತ್ತಾರು ಭೂತಗನ್ನಡಿ, ಒಂದೆರಡು ಸೂಕ್ಷ್ಮದರ್ಶಕ.

ನಾಲ್ಕು: ಕಡಲನ್ನು ತೋರಿಸಿ ಹೇಳಿಕೊಡುವ ಮೀನುಗಾರರಿಗೂ ಬಳಚಿನ ಹೆಂಗಸರಿಗೂ ದಿನದ ಸಂಬಳ. ಅವರೂ ಗುರುಗಳೇ, ಬಿಟ್ಟಿ ದುಡಿಮೆ ಬೇಡ.

ಇವೆಲ್ಲ ಮಂತ್ರಿಗಳ ಮನಸ್ಸು ತಾನಾಗಿ ಕರಗಿ ಬರುವಂಥವಲ್ಲ. ಸರಕಾರಿ ಶಾಲೆಗಳಲ್ಲಿ ಪಾಲಕರೇ ಇರುವ ಎಸ್‌ಡಿಎಂಸಿ ಸಮಿತಿಗಳಿವೆ. ನಮ್ಮವರಲ್ಲಿ ಎಷ್ಟು ಮಂದಿ ಅದರ ಸಭೆಗೆ ಹೋಗುತ್ತಾರೆ? ಪಾಳಿ ತಪ್ಪುತ್ತದೆ, ಅಂಗಡಿ ಮುಚ್ಚಬೇಕಾಗುತ್ತದೆ, ನಿಜ. ಆದರೂ ಈ ವರ್ಷ ಹೋಗಿರಿ. ಒಬ್ಬರೇ ಹೋಗಬೇಡಿ, ಪಾಳಿಯವರು ಪಾಳಿಯವರನ್ನು, ಅಂಗಡಿಯವರು ಪಕ್ಕದ ಅಂಗಡಿಯವರನ್ನು ಕರೆದುಕೊಂಡು ಹೋಗಿರಿ. ಪ್ರವಾಸಕ್ಕೆ ಹಣ ಯಾಕೆ, ಎಲ್ಲ ಮಕ್ಕಳೂ ಯಾಕಿಲ್ಲ, ಕಡಲಿಗೆ ಹೋಗುವ ಹೊತ್ತನ್ನು ಗೊತ್ತುಮಾಡಿದವರು ಯಾರು, ಈಜು ಬಲ್ಲವರು ಯಾರಿದ್ದಾರೆ ಎಂಬ ನಾಲ್ಕು ಪ್ರಶ್ನೆ ಕೇಳಿರಿ. ಉತ್ತರವನ್ನು ನಡಾವಳಿಯ ಪುಸ್ತಕದಲ್ಲಿ ಬರೆಸಿರಿ. ಬರೆಯದಿದ್ದರೆ ನಮ್ಮ ಕಚೇರಿಗೆ ತಿಳಿಸಿರಿ. ಶಾಲೆಶಾಲೆಯ ಉತ್ತರಗಳನ್ನು ಒಟ್ಟುಗೂಡಿಸಿ ಜಿಲ್ಲಾ ವಿದ್ಯಾಧಿಕಾರಿಗಳ ಮೇಜಿನ ಮೇಲಿಡುವ ಕೆಲಸ ನಮ್ಮದು.

ಚೀಟಿ ಬಂದಾಗ ‘ಇಷ್ಟವಿಲ್ಲ’ ಎಂದು ಮಾತ್ರ ಯಾರೂ ಬರೆಯಬೇಡಿ. ‘ನನ್ನ ಮಗಳಿಗೆ ಇಷ್ಟವಿದೆ, ಖರ್ಚು ಸರಕಾರದ್ದು’ ಎಂದು ಬರೆದು ಸಹಿ ಹಾಕಿ ಕಳಿಸಿರಿ.